ನಿಧಾನಕ್ಕೆ ಹಾಡಿದವಳು

ಪಕ್ಕದ ಮನೆಯವನು ಕಾರು ತೊಳೆಯುತ್ತ ಸಿಳ್ಳೆ ಹಾಕುತ್ತಿದ್ದ. ಬಚ್ಚಲಿನ ಅರೆ ತೆರೆದ ಕಿಟಕಿಯಿಂದ ಅದು ಒಳಗೆ ತೂರಿ ಬಂದಾಗ ನಾರಿಸ್ ಹೋಲ್ಡನ್ ಗಲ್ಲಕ್ಕೆ ಹಿಡಿದ ರೇಜರನ್ನು ಹಾಗೇ ನಿಲ್ಲಿಸಿದ. ಹಾಡು ಅವನದೇ. ಇಪ್ಪತ್ತಾರು ವರ್ಷದ ಹಿಂದೆ ಅವನು ಹಾಡಿ, ಒಂದು ಇಡೀ ಬೇಸಿಗೆ ದೇಶದ ನೃತ್ಯಶಾಲೆಗಳೆಲ್ಲ ಕುಣಿದ ಹಾಡು. ಆದರೆ ಸಿಳ್ಳೆಯ ನಡೆ ಅವನದಲ್ಲ. ಅದು ಈಗ ಎಲ್ಲ ಅಂಗಡಿಗಳಲ್ಲೂ ಎಲ್ಲ ಕಾರುಗಳಲ್ಲೂ ಕೇಳುತ್ತಿರುವ ಆ ಲಂಡನ್ ಹುಡುಗಿಯ ನಡೆ: ಪ್ರತಿ ಸಾಲಿನ ಮುಂದೆ ಒಂದು ಉಸಿರಿನಷ್ಟು ಜಾಗ ಬಿಟ್ಟು, ಬೇಡದ ಕಡೆ ಹೆಜ್ಜೆ ಇಡುವವರ ಹಾಗೆ. ನಾರಿಸ್ ಕಿಟಕಿ ಮುಚ್ಚಬೇಕೆಂದುಕೊಂಡ, ಮುಚ್ಚಲಿಲ್ಲ. ಹೋದ ವಾರ ಇದೇ ಪಕ್ಕದ ಮನೆಯವನು ಬೇಲಿಯಾಚೆಯಿಂದ, 'ಏನ್ ಮಿಸ್ಟರ್ ಹೋಲ್ಡನ್, ಈ ಹಾಡನ್ನ ನಿಮ್ಮ ಕಾಲದಲ್ಲೂ ಹಾಡ್ತಿದ್ರಂತೆ?' ಎಂದಿದ್ದ. ಹೌದು, ನನ್ನ ಕಾಲದಲ್ಲೂ ಹಾಡುತ್ತಿದ್ದರು, ಎಂದು ನಾರಿಸ್ ನಕ್ಕು ಒಳಗೆ ಬಂದಿದ್ದ. ನಕ್ಕಿದ್ದು ಯಾಕೆ ಎಂದು ಅವತ್ತು ರಾತ್ರಿಯೆಲ್ಲ ಕೇಳಿಕೊಂಡಿದ್ದ. ಈಗ ಕನ್ನಡಿಯಲ್ಲಿ ನೋಡಿದರೆ ಸಾಬೂನಿನ ನೊರೆಯ ನಡುವೆ ತುಟಿಗಳು ಆ ಸಿಳ್ಳೆಗೆ ಸರಿಯಾಗಿ ಅಲುಗುತ್ತಿದ್ದವು, ನಿಧಾನವಾಗಿ, ಅವಳ ಹಾಗೆಯೇ. ಅವನು ಗಾಬರಿಯಿಂದ ಬಾಯಿ ಮುಚ್ಚಿ ಗಲ್ಲ ಕುಯ್ದುಕೊಂಡ.

ಇವತ್ತು ಮಧ್ಯಾಹ್ನ ಕಾರ್ಮಿಕರ ಕ್ಲಬ್ಬಿನಲ್ಲಿ ಸೆಲ್ವಿನ್ ಡರ್ಡನ್ ಕೊನೆಯ ಸಲ ಆರ್ಗನ್ ನುಡಿಸುತ್ತಾನೆ. ಬೆರಳ ಗಂಟುಗಳು ಊದಿ, ಎಡಗೈ ಕಿರುಬೆರಳು ಮಡಿಸಿದ್ದು ಬಿಚ್ಚುವುದಿಲ್ಲ. ಆ ಹಾಡು ಬರೆದವನು ಅವನೇ. ಒಂದೇ ಬೀದಿಯಲ್ಲಿ ಬೆಳೆದವರು, ಒಂದೇ ತಂಡದಲ್ಲಿದ್ದವರು. ತಂಡ ಮುರಿದ ಮೇಲೆ ನಾರಿಸ್ ಜನಕ್ಕೆ ಕಾರು ಓಡಿಸುವುದನ್ನು ಕಲಿಸಿ ಬದುಕಿದ. ಸೆಲ್ವಿನ್ ಈ ಕ್ಲಬ್ಬಿನಲ್ಲಿ ಭಾನುವಾರ ಭಾನುವಾರ ಯಾರ್ಯಾರೋ ಹಾಡುಗಾರರ ಹಿಂದೆ ಕೂತು ನುಡಿಸಿ ಬದುಕಿದ. ಗುರುವಾರ ಅವನು ಫೋನು ಮಾಡಿ, 'ಒಂದೇ ಹಾಡು ಕಣೋ. ಬಂದು ಹಾಡಿ ಹೋಗು,' ಎಂದಿದ್ದ. ಆಮೇಲೆ, 'ಯಾವ ನಡೇಲಿ ಹಾಡ್ತೀಯ?' ಎಂದು ಕೇಳಿದ್ದ. ನಾರಿಸ್ ಯೋಚಿಸಲಿಲ್ಲ. 'ನಮ್ದೇ ನಡೆ, ಮತ್ಯಾವ್ದು?' ಎಂದು ಬಿಟ್ಟ. 'ಸರಿ,' ಎಂದು ಸೆಲ್ವಿನ್ ಫೋನು ಇಟ್ಟ. ಆ 'ಸರಿ' ಅವತ್ತಿನಿಂದ ನಾರಿಸನ ಜೊತೆ ಊಟಕ್ಕೆ ಕೂರುತ್ತಿತ್ತು, ಕಾರಿನ ಹಿಂದಿನ ಸೀಟಿನಲ್ಲಿ ಬರುತ್ತಿತ್ತು. ಸೆಲ್ವಿನ್ ಕೇಳಿದ್ದು ಬರೀ ನಡೆಯನ್ನಲ್ಲ. ಅವಳು ಹಾಡಿದ್ದು ನಿನಗೆ ಹೇಗನ್ನಿಸಿತು ಎಂದು ಕೇಳಿದ್ದ. ಅದಕ್ಕೆ ಉತ್ತರ ನಾರಿಸನ ಬಳಿ ಇತ್ತು: ಅವಳು ಹಾಡಿದ್ದೇ ಸರಿ, ನಾನು ಹಾಡಿದ್ದು ತಪ್ಪು. ಇದನ್ನು ಹಾಡುವ ಮೊದಲೇ, ಇವತ್ತೇ, ಸೆಲ್ವಿನ್‌ಗೆ ಹೇಳಬೇಕು. ಮುಂದಿನ ಭಾನುವಾರ ಆ ಆರ್ಗನ್ ಮುಂದೆ ಬೇರೆ ಯಾರೋ ಕೂತಿರುತ್ತಾರೆ. ಹಾಡಿನ ಜೊತೆಯಲ್ಲಿ ಹೇಳದ ಮೇಲೆ ಆ ಮಾತಿಗೆ ಏನು ಬೆಲೆ?

ಕೆಳಗೆ ಅಡುಗೆಮನೆಯಲ್ಲಿ ಹೆಂಡತಿ ವಿನಿ ಭಾನುವಾರದ ಮಾಂಸಕ್ಕೆ ಉಪ್ಪು ತಿಕ್ಕುತ್ತಿದ್ದಳು. ಆಲೂಗಡ್ಡೆ ಸಿಪ್ಪೆ ಸಿಂಕಿನಲ್ಲಿ ಗುಪ್ಪೆಯಾಗಿತ್ತು. ನಾರಿಸ್ ಚಹಾ ಮಾಡಿಕೊಳ್ಳುತ್ತ ನಿಂತ.

'ಏನಾಗಿದೆ ನಿಂಗೆ? ಚಾಗೆ ಗ್ರೇವಿ ಪುಡಿ ಹಾಕ್ತಿದೀಯ ನೋಡು.'

ಅವನು ಲೋಟ ನೋಡಿದ. ನಿಜವಾಗಿತ್ತು. 'ವಿನಿ, ಆ ಹುಡುಗಿ ಹಾಡಿದ್ದು ನಿಂಗೆ ಹೇಗನ್ಸುತ್ತೆ?'

'ಯಾರು, ಆ ಬೋಳುತಲೆ ಹುಡುಗೀನಾ? ಚೆನ್ನಾಗೇ ಹಾಡ್ತಾಳೆ. ಇಸ್ತ್ರಿ ಮಾಡ್ತಾ ಕೇಳ್ಬೋದು.'

'ಮತ್ತೆ ನಂದು?'

'ನಿಂದು ಕೇಳ್ತಾ ಇಸ್ತ್ರಿ ಮಾಡಿದ್ರೆ ಅಂಗಿ ಸುಟ್ಟುಹೋಗುತ್ತೆ.' ಅವಳು ತನ್ನ ಮಾತಿಗೆ ತಾನೇ ನಕ್ಕು ಒಲೆಯ ಬಾಗಿಲು ತೆಗೆದಳು. 'ಮೂರು ಗಂಟೆಗೆ ಊಟ. ತಡ ಮಾಡಿದ್ರೆ ನಾಯಿಗೆ.'

'ನಮ್ಮನೇಲಿ ನಾಯಿ ಇಲ್ವಲ್ಲ.'

'ತರ್ತೀನಿ.'

ಕಾರಿನಲ್ಲಿ ಕೂತ ಮೇಲೂ ಅವನು ಬೇಗ ಹೊರಡಲಿಲ್ಲ. ಅದು ಕಲಿಸುವ ಕಾರು, ಅವನು ಸಾಮಾನ್ಯವಾಗಿ ಕೂರುವ ಎಡಗಡೆಯಲ್ಲೂ ಒಂದು ಬ್ರೇಕು ಇತ್ತು. ಇಷ್ಟು ವರ್ಷ ಬೇರೆಯವರ ವೇಗವನ್ನು ತಡೆಯುವುದೇ ಅವನ ಉದ್ಯೋಗ ಎಂಬುದು ನೆನಪಾಗಿ ಒಂಥರಾ ನಾಚಿಕೆಯಾಯಿತು. ಈ ಕಾರಿನಲ್ಲೇ, ಚಳಿ ಮುಗಿಯುವ ಹೊತ್ತಿಗೆ, ಒಬ್ಬ ನರ್ಸಮ್ಮ ಸಿಗ್ನಲ್ಲಿನಲ್ಲಿ ನಿಲ್ಲಿಸಿಕೊಂಡು ರೇಡಿಯೋ ಹಾಕಿದ್ದಳು. ಮೊದಲು ಅವನಿಗೆ ಯಾವ ಹಾಡು ಎಂದೇ ತಿಳಿಯಲಿಲ್ಲ. ಡ್ರಮ್ಮಿಲ್ಲ, ತುತ್ತೂರಿಗಳಿಲ್ಲ, ಒಂದು ಪಿಯಾನೋ, ಒಂದು ಸಣ್ಣ ದನಿ. 'ನಾ ಬರುವವರೆಗೆ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಬೇಡ.' ದೀಪ ಹಸಿರಾಯಿತು. ಅವನು ಹೊರಡಿ ಎನ್ನಲಿಲ್ಲ, ಹಿಂದಿನಿಂದ ಹಾರನ್ನುಗಳು ಶುರುವಾದವು, ನರ್ಸಮ್ಮ 'ಹೋಗ್ಲಾ? ಹೋಗ್ಲಾ ಸರ್?' ಎಂದು ಗಾಬರಿಯಾಗಿ ಕೇಳುತ್ತಿದ್ದಳು. ಅವನ ಕಾಲು ಬ್ರೇಕಿನ ಮೇಲೆ ಕಲ್ಲಾಗಿತ್ತು. ಬರುವವನು ಬರುವುದಿಲ್ಲ ಎಂದು ಆ ಹುಡುಗಿಗೆ ಮೊದಲ ಸಾಲಿನಲ್ಲೇ ಗೊತ್ತಿತ್ತು. ಅದು ಅವಳಿಗೆ ಯಾರು ಹೇಳಿದರು? ಅವಳು ಹುಟ್ಟಿದ್ದೇ ಆ ಹಾಡು ಬಂದು ಎಷ್ಟೋ ವರ್ಷದ ಮೇಲೆ. ನಾರಿಸ್‌ಗೆ ಯಾರೂ ಹೇಳಬೇಕಾಗಿರಲಿಲ್ಲ, ಅವನು ಆ ಬಾಗಿಲನ್ನು ದಿನಾ ನೋಡಿದ್ದ. ಸೆಲ್ವಿನ್ನನ ಅಣ್ಣ ಆಲ್ಬನ್ ಹಡಗಿಗೆ ಸೇರಿ ಹೋದವನು ಯಾವುದೋ ಬಂದರಿನಲ್ಲಿ ಇಳಿದು ಮತ್ತೆ ಹತ್ತಲಿಲ್ಲ. ಅವರ ತಾಯಿ ಆಮೇಲೆ ಹಿತ್ತಿಲ ಬಾಗಿಲಿಗೆ ಚಿಲಕ ಹಾಕುವುದನ್ನೇ ಬಿಟ್ಟಳು. ಚಳಿಗಾಲದಲ್ಲಿ ಅಡುಗೆಮನೆ ಮಂಜುಗಡ್ಡೆಯಾಗುತ್ತಿತ್ತು, ಬೀದಿಯ ಬೆಕ್ಕುಗಳೆಲ್ಲ ಅವರ ಒಲೆಯ ಮುಂದೆ ಮಲಗುತ್ತಿದ್ದವು.

ಗೊತ್ತಿದ್ದೂ ಹಾಡಿದ. ಮ್ಯಾಂಚೆಸ್ಟರಿನ ಒಂದು ನೆಲಮಾಳಿಗೆಯ ಸ್ಟುಡಿಯೋದಲ್ಲಿ ಸೆಲ್ವಿನ್ ಮೊದಲ ಸಲ ಅದನ್ನು ನಿಧಾನವಾಗಿಯೇ ನುಡಿಸಿದ್ದ, ತಲೆ ತಗ್ಗಿಸಿ, ಯಾರ ಮುಖವನ್ನೂ ನೋಡದೆ. ನಾರಿಸ್‌ಗೆ ಆಗ ಇಪ್ಪತ್ತಮೂರು. ಮೈತುಂಬ ಹೊಸ ಕೆಂಪು ಕೋಟು. ಗಾಜಿನಾಚೆ ಸಿಗರೇಟು ಸೇದುತ್ತಿದ್ದ ರೆಕಾರ್ಡು ಕಂಪನಿಯವನು ಕೈಗಡಿಯಾರ ನೋಡಿಕೊಂಡಿದ್ದನ್ನು ಅವನೊಬ್ಬನೇ ಕಂಡ. 'ಏನ್ ಸೆಲ್, ಶವಯಾತ್ರೆನಾ ಇದು?' ಎಂದು ಚಪ್ಪಾಳೆ ತಟ್ಟಿ ಎರಡರಷ್ಟು ವೇಗ ಹಿಡಿದ. ಎಲ್ಲರೂ ನಕ್ಕರು. ಸೆಲ್ವಿನ್ನೂ ನಕ್ಕ. ಡ್ರಮ್ಮಿನವನು ಚಪ್ಪಾಳೆಯ ಹಿಂದೆ ಓಡಿದ, ತುತ್ತೂರಿಗಳು ಓಡಿದವು. ಚಿಲಕ ಹಾಕಬೇಡ ಎಂಬುದು ಒಬ್ಬ ಪುಂಡ ತನ್ನ ಹುಡುಗಿಗೆ ಕಣ್ಣು ಹೊಡೆದು ಹೇಳಿದ ಮಾತಾಯಿತು: ಇವತ್ತು ಬರ್ತೀನಿ, ರೆಡಿಯಾಗಿರು. ದೇಶ ಕುಣಿಯಿತು. ಸೆಲ್ವಿನ್ನನ ತಾಯಿ ಅಡುಗೆಮನೆಯ ರೇಡಿಯೋದಲ್ಲಿ ಅದನ್ನು ಮೊದಲ ಸಲ ಕೇಳಿದಾಗ ನಾರಿಸ್ ಅಲ್ಲೇ ಇದ್ದ, ಮೆಚ್ಚುಗೆಗೆ ಕಾದು. ಅವಳು ಪೂರ್ತಿ ಕೇಳಿದಳು. 'ಚೆನ್ನಾಗಿದೆ ಮಗಾ. ಕುಣಿಯೋ ಹಾಗಿದೆ,' ಎಂದಳು. ಎದ್ದು ಬಟ್ಟಲುಗಳನ್ನು ತೊಳೆಯತೊಡಗಿದಳು, ಅವು ಆಗಲೇ ತೊಳೆದಿದ್ದವು.

ಅಷ್ಟೇ ಆಗಿದ್ದರೆ ಯೌವನದ ಮೇಲೆ ಹೊರಿಸಿಬಿಡಬಹುದಿತ್ತು. ಆದರೆ ಎರಡು ತಿಂಗಳ ಕೆಳಗೆ ಊರಿನ ರೇಡಿಯೋದವರು ಕರೆದು ಹೊಸ ಹಾಡಿನ ಬಗ್ಗೆ ಕೇಳಿದಾಗ, ಸಿಗ್ನಲ್ಲಿನಲ್ಲಿ ಕಾಲು ಕಲ್ಲಾದ ಮೇಲೆ, ಎಲ್ಲ ಗೊತ್ತಾದ ಮೇಲೆ, ಅವನು 'ನಮ್ಮ ಹಾಡನ್ನ ಪೆಟ್ಟಿಗೇಲಿ ಮಲಗ್ಸಿ ಮೊಳೆ ಹೊಡೆದಿದಾಳೆ,' ಎಂದಿದ್ದ. ಮತ್ತೆ ಅದೇ ಹೆಣದ ತಮಾಷೆ. ಮತ್ತೆ ಎಲ್ಲರೂ ನಕ್ಕಿದ್ದರು. ಇಷ್ಟು ವರ್ಷದಲ್ಲಿ ಒಂದು ಹೊಸ ತಮಾಷೆಯೂ ತನಗೆ ಹುಟ್ಟಲಿಲ್ಲವಲ್ಲ ಎಂದುಕೊಳ್ಳುತ್ತ ನಾರಿಸ್ ಕಾರು ಶುರು ಮಾಡಿದ. ದಾರಿಯಲ್ಲಿ ಮಾತುಗಳನ್ನು ಜೋಡಿಸಿಕೊಂಡ. ಸೆಲ್, ಒಂದು ಮಾತು. ಸೆಲ್, ನಿಂಗೆ ಗೊತ್ತಿರ್ಬೋದು. ಎಲ್ಲವೂ ಸುಳ್ಳು ಹೇಳುವವನು ಶುರು ಮಾಡುವ ಹಾಗೆ ಕೇಳಿಸಿದವು. ಎದುರಿನಿಂದ ಬಂದ ಬಸ್ಸಿಗೆ ಜಾಗ ಕೊಡಲು ಮರೆತ. ಬಸ್ಸಿನವನು ಕಾರಿನ ಮೇಲಿನ ಕಲಿಸುವವನ ಫಲಕ ನೋಡಿ ಮೊದಲು ನಕ್ಕ, ಆಮೇಲೆ ಬೈದ.

ಕ್ಲಬ್ಬಿನ ಹಾಲಿನಲ್ಲಿ ಹೊಗೆ ಆಗಲೇ ದೀಪಗಳ ಮಟ್ಟಕ್ಕೆ ಇಳಿದಿತ್ತು. ಉದ್ದ ಮೇಜುಗಳಲ್ಲಿ ಗಂಡಸರು, ಅಲ್ಲಲ್ಲಿ ಮಡಿಲಲ್ಲಿ ಚೀಲ ಇಟ್ಟುಕೊಂಡ ಹೆಂಗಸರು, ಕೂಗಿದ ಅಂಕಿಗಳನ್ನು ಹೊಡೆಯುವ ಬಿಂಗೋ ಆಟದ ಚೀಟಿಗಳು, ಅದಕ್ಕೆ ಗುರುತು ಹಾಕುವ ದಪ್ಪ ಪೆನ್ನುಗಳು. ವೇದಿಕೆಯ ಪಕ್ಕದ ಗೂಡಿನಲ್ಲಿ ಮನರಂಜನಾ ಕಾರ್ಯದರ್ಶಿ ಹಾರ್ಗ್ರೀವ್ಸ್ ಮೈಕು ಹಿಡಿದು ಕೂತಿದ್ದ. ಹಾಡುಗಾರ ದೇವರೇ ಆಗಿರಲಿ, ಆ ಗೂಡಿನಿಂದ ಅಪ್ಪಣೆಯಾಗದೆ ಬಾಯಿ ತೆರೆಯುವಂತಿಲ್ಲ. ಸೆಲ್ವಿನ್ ಆರ್ಗನ್ ಮುಂದೆ ಕೂತು ಬೆರಳುಗಳನ್ನು ಒಂದೊಂದಾಗಿ ಎಳೆದುಕೊಳ್ಳುತ್ತಿದ್ದ. ಕುಗ್ಗಿಹೋಗಿದ್ದಾನೆ ಅನ್ನಿಸಿತು ನಾರಿಸ್‌ಗೆ.

'ಬಂದ್ಯಾ. ಗಲ್ಲಕ್ಕೇನಾಯ್ತೋ?'

'ರೇಜರು. ಸೆಲ್, ಒಂದು ಮಾತು ಹೇಳ್ಬೇಕಿತ್ತು...'

ಮೈಕು ಗುರ್ರೆಂದಿತು. 'ಮಹನೀಯರೇ, ಮಹಿಳೆಯರೇ, ಮಾಂಸದ ಪೈ ಬಂದಿವೆ. ಬಿಸಿ ಇವೆ. ಹೋದ ವಾರದ್ದಲ್ಲ, ಆಣೆ.' ಅರ್ಧ ಹಾಲು ಎದ್ದು ಬಾಗಿಲ ಕಡೆ ನಡೆಯಿತು. ಕುರ್ಚಿಗಳ ಸದ್ದಿನಲ್ಲಿ ನಾರಿಸನ ಮಾತು ಸೆಲ್ವಿನ್‌ಗೆ ತಲುಪಲಿಲ್ಲ.

'ಏನಂದೆ?'

'ಹಾಡಿನ ವಿಷ್ಯ...'

'ಹೆದರ್ಬೇಡ ಮಾರಾಯ. ನಮ್ದೇ ನಡೆ ಅಂದ್ಯಲ್ಲ. ಬೆರಳಿಗೆ ಮುಲಾಮು ಹಚ್ಕೊಂಡ್ ಬಂದಿದೀನಿ, ಓಡ್ತವೆ.' ಸೆಲ್ವಿನ್ ನಕ್ಕ. ಮುಲಾಮಿನ ಕರ್ಪೂರದ ವಾಸನೆ ಬಂತು. ತಾನು ಅಂದ ಒಂದು ಮಾತಿಗೆ ಇವನು ಬೆಳಗಿನಿಂದ ಬೆರಳು ತಿಕ್ಕಿಕೊಂಡಿದ್ದಾನೆ. ನಾರಿಸ್ ಬಾಯಿ ತೆರೆದ, ಅಷ್ಟರಲ್ಲಿ ಹಾರ್ಗ್ರೀವ್ಸ್ ಮತ್ತೆ ಶುರು ಮಾಡಿದ್ದ.

'ಪೈ ಇರೋರು ಕೂತ್ಕೊಳಿ, ಇಲ್ದೋರು ಅಳಿ. ಈಗ ನಮ್ಮೂರಿನವರೇ, ಒಂದು ಕಾಲದಲ್ಲಿ ದೊಡ್ಡ ಹೆಸರು ಮಾಡಿದೋರು, ಆ ಹೊಸ ಹಾಡಿದೆಯಲ್ಲ, ಅದರ ಹಳೇ ಹಾಡುಗಾರ... ನಾರಿಸ್ ಹೋಲ್ಡನ್! ಆಮೇಲೆ ಬಿಂಗೋ.'

ಸಣ್ಣ ಚಪ್ಪಾಳೆ. ನಾರಿಸ್ ವೇದಿಕೆ ಹತ್ತಿದ. ಮುಂದಿನ ಮೇಜುಗಳ ಹೆಂಗಸರು, ಅವನ ವಯಸ್ಸಿನವರೇ, ಚೀಲಗಳನ್ನು ಕುರ್ಚಿಯ ಮೇಲಿಟ್ಟು ಎದ್ದು ನೆಲದ ನಡುವೆ ಬಂದು ನಿಂತರು. ಕುಣಿಯಲು. ಒಬ್ಬಳು ಚಪ್ಪಲಿ ಕಳಚಿದಳು. ಅವರ ಮುಖಗಳಲ್ಲಿ ಆ ಬೇಸಿಗೆ ಇತ್ತು, ಅದನ್ನು ಕೊಟ್ಟವನು ಅವನು, ಅದು ಸುಳ್ಳಾಗಿರಲಿಲ್ಲ. ಅವರು ಕುಣಿದದ್ದು ನಿಜವೇ ಅಲ್ಲವೇ? ಆ ಸಂತೋಷ ಯಾರ ತಪ್ಪು? ಸೆಲ್ವಿನ್ ಅವನ ಕಡೆ ತಲೆ ಆಡಿಸಿದ, ಶುರು ಮಾಡಿದ: ಅದೇ ಓಟ, ಅದೇ ಕುದುರೆ. ಎಡಗೈ ಕಿರುಬೆರಳು ಪ್ರತಿ ಸುತ್ತಿಗೂ ಒಂದು ಸ್ವರ ಬಿಡುತ್ತಿತ್ತು, ಹಲ್ಲು ಉದುರಿದ ಹಾಗೆ. ಅವನ ಕತ್ತಿನ ನರ ಎದ್ದಿತ್ತು. ಕ್ಲಬ್ಬಿನ ಡ್ರಮ್ಮಿನವನು ಕಣ್ಣು ಮುಚ್ಚಿ ಬಾರಿಸುತ್ತಿದ್ದ. ಹೆಂಗಸರ ಭುಜಗಳು ಅಲುಗಿದವು. ಇನ್ನೆರಡು ಸುತ್ತು, ಆಮೇಲೆ ದನಿ ಎತ್ತಬೇಕು. ಎತ್ತಿಬಿಟ್ಟರೆ ಎಲ್ಲವೂ ಸುಲಭ, ಮೂರಕ್ಕೆ ಊಟ. ನಾರಿಸನ ಬಲಗಾಲು ತಾನಾಗಿಯೇ ವೇದಿಕೆಯ ಹಲಗೆಯನ್ನು ಬ್ರೇಕಿನ ಹಾಗೆ ಒತ್ತಿತು, ಕೈ ಮೇಲೆ ಹೋಯಿತು.

'ನಿಲ್ಸು. ಸೆಲ್, ನಿಲ್ಸು.'

ಡ್ರಮ್ಮು ಎರಡು ಪೆಟ್ಟು ತಡವಾಗಿ ನಿಂತಿತು.

'ನಿಧಾನ. ಅರ್ಧಕ್ಕೆ ಇಳ್ಸು.'

ಹಿಂದಿನಿಂದ ಯಾರೋ ಕೂಗಿದರು: 'ಯಾಕಜ್ಜ, ಉಸಿರು ಮುಗೀತಾ?' ನಗು. ಹಾರ್ಗ್ರೀವ್ಸ್ ಗೂಡಿನಿಂದ, 'ಆಮ್ಲಜನಕದ ಸಿಲಿಂಡರು ಬಾರಿನಲ್ಲಿ ಸಿಗುತ್ತೆ,' ಎಂದ. ಮತ್ತೆ ನಗು. ಸೆಲ್ವಿನ್ ನಗಲಿಲ್ಲ. ಅವನು ನಾರಿಸನನ್ನು ನೋಡಿದ ನೋಟದಲ್ಲಿ ಕನಿಕರವಿತ್ತು, ಅದು ನಗುವಿಗಿಂತ ಹೆಚ್ಚು ಚುಚ್ಚಿತು. ನನಗೆ ಬೆರಳು ಹೋದ ಹಾಗೆ ಇವನಿಗೆ ಎದೆ ಹೋಗಿದೆ ಎಂದುಕೊಂಡಿದ್ದಾನೆ. ಸೆಲ್ವಿನ್ ಮೆಲ್ಲಗೆ ಮತ್ತೆ ಶುರು ಮಾಡಿದ. ಈಗ ಯಾವ ಸ್ವರವೂ ಬಿಟ್ಟುಹೋಗಲಿಲ್ಲ. ಆ ಬೆರಳುಗಳಿಗೆ ಈ ನಡೆಯಲ್ಲಿ ಬೇಕಾದಷ್ಟು ಸಮಯವಿತ್ತು.

ನಾರಿಸ್ ಹಾಡಿದ. ತನ್ನ ದನಿ ಇಷ್ಟು ಬರಿಮೈಯಾಗಿ ಅವನಿಗೆ ಯಾವತ್ತೂ ಕೇಳಿಸಿರಲಿಲ್ಲ. ಅವಳು ಉಸಿರು ಬಿಡುವ ಕಡೆ ಬಿಟ್ಟ, ಅವಳು ನಡುಗುವ ಕಡೆ ನಡುಗಿದ, ಐವತ್ತರ ಗಂಡಸು ಇಪ್ಪತ್ತರ ಹುಡುಗಿಯನ್ನು ಅಣಕಿಸಿದ ಹಾಗೆ. ಇದೂ ನನ್ನದಲ್ಲವಲ್ಲ ಎಂಬ ಗುಂಗು ಹಾಡಿನ ಕೆಳಗೆ ಹರಿಯುತ್ತಿತ್ತು. ನೆಲದ ನಡುವೆ ನಿಂತಿದ್ದ ಹೆಂಗಸರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತು, ಒಬ್ಬೊಬ್ಬರಾಗಿ ತಮ್ಮ ಜಾಗಕ್ಕೆ ಹೋಗಿ ಕೂತರು. ಚಪ್ಪಲಿ ಕಳಚಿದವಳು ಕೊನೆಗೆ ಬಗ್ಗಿ ಚಪ್ಪಲಿ ಹಾಕಿಕೊಂಡಳು, ಅವನ ಕಡೆ ನೋಡದೆ, ತಾನೇ ಏನೋ ತಪ್ಪು ತಿಳಿದು ಎದ್ದುಬಂದವಳ ಹಾಗೆ. ಬಾರಿನ ಕಡೆ ಮಾತು ಹೆಚ್ಚಾಯಿತು. ಮುಗಿದಾಗ ಚಪ್ಪಾಳೆ ಬಂತು, ಮುದುಕರಿಗೆ ಬಸ್ಸಿನಲ್ಲಿ ಜಾಗ ಬಿಟ್ಟುಕೊಡುವಂಥ ಚಪ್ಪಾಳೆ.

ಅವನು ಇಳಿದು ಆರ್ಗನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತ. ಸೆಲ್ವಿನ್ ಅವನ ತೊಡೆ ತಟ್ಟಿದ. 'ಎದೆ ಸರಿ ಇಲ್ಲ ಅಂತ ಮೊದ್ಲೇ ಹೇಳ್ಬಾರ್ದಿತ್ತೇನೋ? ಡಾಕ್ಟ್ರಿಗೆ ತೋರ್ಸಿದ್ಯಾ?'

ಇಡೀ ಹಾಲು ಸೇರಿ ಒಂದು ಸುಳ್ಳನ್ನು ತಟ್ಟೆಯಲ್ಲಿಟ್ಟು ಕೊಡುತ್ತಿತ್ತು. ತಗೊಂಡರಾಯಿತು. ಹೌದು ಸೆಲ್, ಎದೆ. ಎಷ್ಟು ಮರ್ಯಾದೆಯ ಉತ್ತರ. 'ಸೆಲ್,' ಎಂದ. ಆಗಲೇ ಹಾರ್ಗ್ರೀವ್ಸ್ ಗಂಟಲು ಸರಿಮಾಡಿಕೊಂಡು, 'ಕಣ್ಣು ಕೆಳಗೆ, ಬಾಯಿ ಮುಚ್ಚಿ,' ಎಂದ. ಹಾಲು ಸತ್ತಂತೆ ಸ್ತಬ್ಧವಾಯಿತು. ಹಾಡಿನುದ್ದಕ್ಕೂ ಹರಟಿದವರು, ಪೈ ಅಗಿದವರು, ಈಗ ಚೀಟಿಗಳ ಮೇಲೆ ಬಗ್ಗಿ ಉಸಿರನ್ನೂ ಮೂಗಿನಲ್ಲೇ ಹಿಡಿದರು. ಬಿಂಗೋ ನಡೆಯುವಾಗ ಕೆಮ್ಮಿದವನನ್ನು ಈ ಕ್ಲಬ್ಬು ಮರೆಯುವುದಿಲ್ಲ, ಮಾತಾಡಿದವನನ್ನು ಕ್ಷಮಿಸುವುದಿಲ್ಲ. 'ಎರಡು ದಪ್ಪ ಹೆಂಗಸರು, ಎಂಬತ್ತೆಂಟು. ಒಂಟಿಯಾಗಿ ಏಳು. ಐದು ಮತ್ತು ಒಂದು, ಐವತ್ತೊಂದು.' ಪೆನ್ನುಗಳು ಮಳೆಹನಿಗಳ ಹಾಗೆ ಕಾಗದ ಮುಟ್ಟಿದವು. ನಾರಿಸ್ ಕಾದ. ಮುಗಿಯಲಿ. ಮುಗಿದ ಮೇಲೆ ಹೇಳಿದರಾಯಿತು. ಆದರೆ ಮುಗಿದ ಮೇಲೆ ಎಲ್ಲರೂ ಸೆಲ್ವಿನ್‌ನ ಕೈ ಕುಲುಕಲು ಬರುತ್ತಾರೆ, ಅವನಿಗೊಂದು ಗಡಿಯಾರ ಕೊಡುತ್ತಾರೆ, ಹಾರ್ಗ್ರೀವ್ಸ್ ಭಾಷಣ ಮಾಡುತ್ತಾನೆ, ಎದೆಯ ಕಥೆ ಅಷ್ಟರಲ್ಲಿ ಬಾರಿನ ತುಂಬ ಹರಡಿ ನಿಜವಾಗಿರುತ್ತದೆ. ಸೆಲ್ವಿನ್ ತನ್ನ ಬೆರಳುಗಳನ್ನು ನೋಡುತ್ತ ಕೂತಿದ್ದ, ನಿಧಾನದ ನಡೆಯಲ್ಲಿ ಅವು ತಪ್ಪದೆ ನುಡಿಸಿದ್ದಕ್ಕೆ ಆಶ್ಚರ್ಯಪಟ್ಟವನ ಹಾಗೆ. 'ಮೂರು ಮತ್ತು ನಾಲ್ಕು, ಮೂವತ್ತನಾಲ್ಕು.'

'ನನ್ನೆದೆಗೆ ಏನೂ ಆಗಿಲ್ಲ,' ಎಂದ ನಾರಿಸ್. ಪಿಸುಗುಟ್ಟಿದ್ದೇನೆ ಎಂದುಕೊಂಡಿದ್ದ. ಮಾತು ಹಾಲಿನ ಆ ತುದಿಯ ಗೋಡೆಗೆ ಬಡಿದು ಬಂತು. 'ಆ ಹುಡುಗಿ ಹಾಡಿದ್ದೇ ಸರಿ ಸೆಲ್. ನಾನು ಹಾಡಿದ್ದು ತಪ್ಪು. ಅವತ್ತೇ ಗೊತ್ತಿತ್ತು ನಂಗೆ.'

'ಶ್ಶ್!' ಇಡೀ ಹಾಲೇ ಒಂದು ಹಾವಾಯಿತು. ಹಾರ್ಗ್ರೀವ್ಸ್ ಕೈಯಲ್ಲಿ ಚೆಂಡು ಹಿಡಿದು ನಿಂತುಬಿಟ್ಟ. 'ನಂಬರ್ ಕೇಳಿಸ್ಲಿಲ್ಲ! ಒಂದೇ ಬಾಕಿ ಇತ್ತು ನಂದು, ಒಂದೇ!' ಎಂದು ಒಬ್ಬ ಹೆಂಗಸು ಅಳುವ ದನಿಯಲ್ಲಿ ಕೂಗಿದಳು. 'ಹೊರಗೆ ಹಾಕ್ರೋ ಅವ್ನನ್ನ,' ಎಂದಿತು ಇನ್ನೊಂದು ದನಿ. ನಾರಿಸ್ ಎದ್ದು ನಿಂತ. ಎಲ್ಲರ ಮುಂದೆ ಹೇಳಿಬಿಟ್ಟಿದ್ದ, ಯಾರಿಗೂ ಅದು ಬೇಕಾಗಿರಲಿಲ್ಲ, ಸೆಲ್ವಿನ್‌ಗೂ ಬೇಕಿತ್ತೋ ಇಲ್ಲವೋ, ಅವನು ತಲೆ ಎತ್ತಲೇ ಇಲ್ಲ.

'ಅವಳೂ ತಪ್ಪೇ ಹಾಡ್ತಾಳೆ,' ಎಂದ ಸೆಲ್ವಿನ್, ಕ್ಲಬ್ಬಿನಲ್ಲಿ ಇಷ್ಟು ವರ್ಷ ಕೂತವನಿಗೆ ಬಿಂಗೋ ಎಂದರೇನೆಂದೇ ಗೊತ್ತಿಲ್ಲದವನ ಹಾಗೆ, ಗಟ್ಟಿಯಾಗಿ. 'ಎರಡನೇ ಸಾಲು.'

'ಸೆಲ್ವಿನ್! ನೀನೂನಾ?' ಹಾರ್ಗ್ರೀವ್ಸ್‌ನ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. 'ಇಬ್ರೂ ಹೊರಗೆ. ನಿಯಮ ಅಂದ್ರೆ ನಿಯಮ. ಗಡಿಯಾರ ಆಮೇಲೆ ಕೊಡ್ತೀವಿ.'

ಹಿಂದಿನ ಅಂಗಳದಲ್ಲಿ ಖಾಲಿ ಪೀಪಾಯಿಗಳ ನಡುವೆ ಬಿಸಿಲಿತ್ತು. ಒಳಗಿನಿಂದ ಅಂಕಿಗಳು ಮತ್ತೆ ಶುರುವಾದವು. ಸೆಲ್ವಿನ್ ಒಂದು ಪೀಪಾಯಿಯ ಮೇಲೆ ಕೂತು ಸಿಗರೇಟು ಹಚ್ಚಲು ಹೋದ, ಬೆರಳು ಬಾಗಲಿಲ್ಲ, ನಾರಿಸ್ ಹಚ್ಚಿಕೊಟ್ಟ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಬೈಯಲಿ ಎಂದು ನಾರಿಸ್ ಕಾದ. ಅಥವಾ ಬಿಡು, ಹಳೇ ಮಾತು ಎನ್ನಲಿ. ಸೆಲ್ವಿನ್ ಎರಡನ್ನೂ ಮಾಡಲಿಲ್ಲ.

'"ಮಳೆ ಬಂದರೂ ಬೆಕ್ಕು ಬಂದರೂ ಬರಲಿ ಬಿಡು." ಅಲ್ಲಿ ಅಳ್ತಾಳೆ ಅವ್ಳು. ಎಳೀತಾಳೆ. ಎಲ್ರೂ ಕಣ್ಣೀರು ಹಾಕ್ಲಿ ಅಂತ. ನಮ್ಮಮ್ಮ ಅಳ್ತಾ ಹೇಳ್ಲಿಲ್ಲ ಕಣೋ ಅದನ್ನ. ಪಕ್ಕದ್ಮನೆಯೋರು ಬಾಗ್ಲು ಹಾಕ್ಕೊಳೆ ಅಂತ ಬುದ್ಧಿ ಹೇಳೋಕೆ ಬಂದಾಗ ಬಯ್ಯೋ ಹಾಗೆ ಹೇಳ್ತಿದ್ಳು. ಕೈಲಿ ಚಾಕು, ಆಲೂಗಡ್ಡೆ. ಅವರ ಕಡೆ ತಿರುಗೋಳೂ ಅಲ್ಲ.'

'ನಂಗ್ಯಾಕೆ ಅವತ್ತು ಹೇಳ್ಲಿಲ್ಲ ನೀನು?'

'ನೀನು ಕೇಳ್ಲಿಲ್ಲ.' ಅವನು ಹೊಗೆ ಬಿಟ್ಟ. 'ನಾನೂ ನಕ್ಕೆ. ಕೋಟು ನಂಗೂ ಒಂದು ಹೊಲಿಸಿದ್ರಲ್ಲ.' ಆಮೇಲೆ, ಎಂದೂ ಹಾಡದವನು, ದನಿಯೇ ಇಲ್ಲದವನು, ಗಂಟಲಿನ ಕಫದೊಳಗಿನಿಂದ ಆ ಸಾಲನ್ನು ಹಾಡಿದ. ಅದು ಓಡಲಿಲ್ಲ, ಅಳಲಿಲ್ಲ. ಯಾರೋ ಬೆನ್ನು ತಿರುಗಿಸಿ ಕೆಲಸ ಮಾಡುತ್ತ ಅಂದ ಹಾಗಿತ್ತು. 'ಹೂಂ,' ಎಂದ ಸೆಲ್ವಿನ್. 'ಹೇಳು.'

ನಾರಿಸ್ ಹಾಡಿದ.

'ಅಲ್ಲ. ಅದು ಆ ಹುಡುಗೀದು.'

ಮತ್ತೆ ಹಾಡಿದ.

'ಅದು ನಿಂದು.'

ಒಳಗೆ ಯಾರೋ ಗೆದ್ದು ಕಿರುಚಿದರು. ಚಪ್ಪಾಳೆ ಬಿತ್ತು. ಮೂರು ಗಂಟೆ ಆಗಿಹೋಗಿರಬೇಕು. ನಾರಿಸ್ ಕೋಟು ಬಿಚ್ಚಿ ಪಕ್ಕದ ಪೀಪಾಯಿಯ ಮೇಲಿಟ್ಟ, ಬೆನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ನಿಂತ, ಕೈಯಲ್ಲಿ ಏನೋ ಇದೆ ಎಂದುಕೊಂಡು ಹಾಡಿದ.

'ಹತ್ರ ಬಂತು,' ಎಂದ ಸೆಲ್ವಿನ್. 'ಇನ್ನೊಂದ್ಸಲ.'